ಸೇಬಿನ ಕೋಣೆಯಲ್ಲಿ ಝಾರ್‌ನ ಮೊಟ್ಟೆ

ರೈಫಲ್ ನಳಿಗೆ ನನ್ನ ಪಕ್ಕೆಲುಬಿಗೆ ತಾಗಿತ್ತು.

ಮೊಲ ಹೊಡೆಯುವ ರೈಫಲ್. ಇಷ್ಟು ಹತ್ತಿರದಿಂದಾದರೆ ಮನುಷ್ಯನಿಗೂ ಸಾಕು!

"ಮೊಟ್ಟೆ ಎಲ್ಲಿ ಭೀಮಣ್ಣ?"

ಹರ್ಷವರ್ಧನ್. ಬೆಂಗಳೂರಿನವ, ಹಳೆಯ ವಸ್ತುಗಳ ವ್ಯಾಪಾರಿ. ಆಕ್ಲೆಂಡಿನಿಂದ ನೆಲ್ಸನ್‌ವರೆಗೆ, ಫೆರಿ ಹತ್ತಿ, ಯೂಟ್ ಎಂಬ ಪಿಕಪ್ ಗಾಡಿ ಓಡಿಸಿಕೊಂಡು ನನ್ನ ಬೆನ್ನು ಬಿದ್ದಿದ್ದ. ಯೂಟ್‌ನ ಮುಂದಿನ ಬಂಪರ್ ಹೊಸದು. ಹಳೆಯದು ಶ್ರೀಪಾದನಿಗೆ ಗುದ್ದಿ ಒಡೆದಿತ್ತು.

ಕೇಳಿ ಸ್ವಾಮಿ. ಶ್ರೀಪಾದ ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯ ಅಕ್ಕಸಾಲಿಗ, ನನ್ನ ಗೆಳೆಯ. ಕೀಲು ಸಡಿಲವಾಗಿದೆಯೆಂದು ಹರ್ಷ ಅವನಿಗೆ ರಿಪೇರಿಗೆ ಒಡವೆಯಂಥದೊಂದು ಮೊಟ್ಟೆ ಕೊಟ್ಟ. ನೀಲಿ ಎನಾಮಲ್, ಸುತ್ತ ವಜ್ರ, ಒಳಗೆ ಉಗುರಿನಷ್ಟು ಚಿನ್ನದ ಜಾರುಬಂಡಿ. ರಷ್ಯಾದ ಝಾರ್ ಈಸ್ಟರ್‌ಗೆಂದು ರಾಣಿಗೆ ಮಾಡಿಸಿದ್ದು, ಕ್ರಾಂತಿಯಲ್ಲಿ ಕಳೆದುಹೋದದ್ದು! ಕದ್ದ ಮಾಲೆಂದು ತಿಳಿದೊಡನೆ ಶ್ರೀಪಾದ ಅದನ್ನು ತಂದು ಪತ್ತೇದಾರನಾದ ನನ್ನ ಕೈಗಿಟ್ಟ. ಮರುದಿನ ಹತ್ತಿರದ ಪಾಪಕುರಾದಲ್ಲಿ ರಸ್ತೆ ದಾಟುವಾಗ ಸತ್ತ.

ಸಾಕ್ಷಿ ಇಲ್ಲ. ೨೦೧೪ರ ಮಾರ್ಚ್‌ನಲ್ಲಿ ಪೊಲೀಸರ ಫೈಲ್ ಮುಚ್ಚಿತು.

ನಾನು ಮುಚ್ಚಲಿಲ್ಲ.

"ಹೇಳ್ತೀಯೋ, ಒತ್ಲೋ?"

"ಆ ಬಾಗಲಾ ಕಾಣ್ತೈತಿಲ್ಲೋ? ಅದರೊಳಗೈತಿ. ಮೊದಲನೇ ಪೆಟ್ಟಿಗ್ಯಾಗ."

ಅದು ಸೇಬಿನ ಕೋಲ್ಡ್ ಸ್ಟೋರ್. ಸುಗ್ಗಿ ಮುಗಿದೊಡನೆ ಕೋಣೆಗೆ ಸೀಲ್ ಹಾಕಿ, ಆಮ್ಲಜನಕ ತೆಗೆದು ನೈಟ್ರೋಜನ್ ತುಂಬುತ್ತಾರೆ. ಒಳಗೆ ಸೇಬು ಆರು ತಿಂಗಳು ತಾಜಾ. ಮನುಷ್ಯ ಎರಡು ಉಸಿರು. ಇಲ್ಲಿಯ ಎಂಜಿನಿಯರ್ ಪ್ರಭಾ, ಶ್ರೀಪಾದನ ತಂಗಿ. ಸೀಲ್ ಬೀಳುವ ಮುನ್ನ ಮೊಟ್ಟೆಯನ್ನು ಅಲ್ಲಿಟ್ಟವರು ನಾವಿಬ್ಬರೇ.

ಹರ್ಷ ಬಾಗಿಲಿನಲ್ಲಿ ಮನುಷ್ಯ ನುಸುಳುವಷ್ಟಿದ್ದ ಕಿಂಡಿಯ ಬೋಲ್ಟ್ ಬಿಚ್ಚಿದ.

"ಒಳಗ ಹೋಗಬ್ಯಾಡ. ಗಾಳಿ ಇಲ್ಲ. ಸಾಯ್ತಿ."

ನಕ್ಕ. "ಇದೊಂದು ಬಾಕಿ ಇತ್ತು! ಫ್ರಿಜ್‌ಗೆ ತಲೆ ಹಾಕಿದ್ರೆ ಸಾಯ್ತಾರಾ?"

"ಬಾಗಲ ಮ್ಯಾಲೆ ಡೇಂಜರ್ ಅಂತ ಬರದೈತಿ. ಓದು."

"ಜೀವಮಾನದಲ್ಲಿ ಒಂದ್ಸಲ ನಿಜ ಹೇಳಿದ್ದೀಯಾ ಗುರೂ?"

ನ್ಯಾಯವಾದ ಪ್ರಶ್ನೆ. ಈ ಪತ್ತೇದಾರಿಕೆಯಲ್ಲಿ ಇಪ್ಪತ್ತು ವರ್ಷ ಸುಳ್ಳು ಹೇಳಿ ಹೊಟ್ಟೆ ಹೊರೆದವನು ನಾನು. ಆವತ್ತು ಹೇಳಿದ್ದೆಲ್ಲ ನಿಜ!

ರೈಫಲನ್ನು ನನ್ನತ್ತಲೇ ಹಿಡಿದು, ಹಿಂದುಹಿಂದಾಗಿ ಕಿಂಡಿಯೊಳಗೆ ನುಸುಳಿದ.

ಒಂದು ಉಸಿರು.

ಎರಡು...

ಧಪ್!

ನಾನು ಸಾವಕಾಶವಾಗಿ ಫೋನ್ ತೆಗೆದೆ. ಶ್ರೀಪಾದನೂ ರಸ್ತೆಯಲ್ಲಿ ಆಂಬುಲೆನ್ಸ್‌ಗಾಗಿ ಬಹಳ ಹೊತ್ತು ಕಾದಿದ್ದ.

ಸಂಜೆ ಪೊಲೀಸ್ ಅಧಿಕಾರಿ ಕೇಳಿದ, "ನೀವು ಅವನಿಗೆ ಎಚ್ಚರಿಕೆ ಕೊಡಲಿಲ್ಲವೇ?"

"ಎರಡು ಸಲ."

"ಮೂರನೇ ಸಲ?"

ಅಷ್ಟೊಂದು ಪ್ರೀತಿ ಅವನ ಮೇಲೆ ನನಗಿರಲಿಲ್ಲ.