ಐದನೇ ದಿನದ ಎರಡು ಹೂವು

ಮುನೀಂದ್ರ ಇಪ್ಪತ್ತು ಕೆಂಪು ಗುಲಾಬಿ ಹಿಡಿದುಕೊಂಡು ಶಾಲೆಯ ಗೇಟು ದಾಟಿದಾಗ, ಪ್ರಾರ್ಥನೆಗೆ ಸಾಲು ನಿಂತಿದ್ದ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಓಹೋ" ಎಂದರು. ಹೆಡ್‌ಮಾಸ್ಟರ್ ಸಂಜೀವಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಏನಪ್ಪಾ ಮುನೀಂದ್ರ, ಇಷ್ಟೊಂದು ಹೂವು? ಯಾರಿಗೆ?"

"ರಮ್ಯಶ್ರೀ ಮೇಡಂಗೆ, ಸಾರ್."

ಅದು ಕೇಳುವವರ ಕಿವಿಗೆ ಹೇಗೆ ಬಿತ್ತು ಅನ್ನುವುದು ಹೇಳಿದ ಮೇಲೆಯೇ ಅವನಿಗೆ ಹೊಳೆದದ್ದು. ದೊಡ್ಡಬೆಳವಂಗಲದ ಆಚೆ, ಶಾಲೆಯ ಕಾಂಪೌಂಡಿಗೆ ಒತ್ತಿಕೊಂಡೇ ಅವನು ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸು. ಹೂವು ಮಾರಿ ಅಭ್ಯಾಸವಿತ್ತೇ ಹೊರತು, ಹೀಗೆ ನೂರಾರು ಕಣ್ಣಿನ ಮುಂದೆ ಒಬ್ಬರ ಹೆಸರು ಹೇಳಿ ಕೊಟ್ಟು ಅಭ್ಯಾಸವಿರಲಿಲ್ಲ.

ರಮ್ಯಶ್ರೀ ಬಂದಳು. ನೆಲಮಂಗಲದಿಂದ ದಿನವೂ ಬಸ್ಸಿನಲ್ಲಿ ಬರುವ ವಿಜ್ಞಾನದ ಟೀಚರ್. ಹೂವನ್ನು ಮೂಸಿ ನೋಡಲಿಲ್ಲ, ನಾಚಲೂ ಇಲ್ಲ. ಬ್ಯಾಗಿನಿಂದ ಸ್ಕೇಲು ತೆಗೆದು ಒಂದೊಂದೇ ಕಡ್ಡಿಯನ್ನು ಅಳೆದಳು.

"ಇದೊಂದು ಎರಡು ಸೆಂಟಿಮೀಟರ್ ಉದ್ದ ಇದೆ. ಕತ್ತರಿಸ್ಲಾ?"

"ಕತ್ತರಿಸಿ ಮೇಡಂ" ಎಂದ ಮುನೀಂದ್ರ. ಆ ಗಳಿಗೆಯಲ್ಲಿ ಅವಳು ಅವನ ಬೆರಳನ್ನೇ ಕತ್ತರಿಸ್ಲಾ ಅಂದಿದ್ದರೂ ಹಾಗೇ ಅನ್ನುತ್ತಿದ್ದನೇನೋ.

ವಿಷಯ ಇಷ್ಟೇ. ತಾಲ್ಲೂಕಿನ ವಿಜ್ಞಾನ ಮೇಳಕ್ಕೆ ಎರಡು ವಾರ ಉಳಿದಿತ್ತು. ಒಂಬತ್ತನೇ ಕ್ಲಾಸಿನ ಮೋನಿಷಾ ಮತ್ತು ಅಂಜನ್ ಮಣ್ಣಿನ ಜ್ವಾಲಾಮುಖಿ ಮಾಡುತ್ತೇವೆ ಎಂದು ಹಟ ಹಿಡಿದಿದ್ದರು. ರಮ್ಯಶ್ರೀ ಬೇಡ ಅನ್ನಲಿಲ್ಲ, ಒಂದು ಮಾತು ಕೇಳಿದಳು: "ಸೋಡಾಗೆ ವಿನೆಗರ್ ಹಾಕಿದ್ರೆ ಉಕ್ಕುತ್ತೆ ಅಂತ ನಿಮಗೆ ಈಗ್ಲೇ ಗೊತ್ತಲ್ವಾ? ಗೊತ್ತಿಲ್ದೇ ಇರೋದು ಏನಾದ್ರೂ ಹುಡುಕಿ." ಮಕ್ಕಳು ಎರಡು ದಿನ ತಲೆ ಕೆರೆದುಕೊಂಡರು. ಮೂರನೇ ದಿನ ಮೋನಿಷಾ ಕಿಟಕಿಯಾಚೆಯ ಪಾಲಿಹೌಸು ನೋಡುತ್ತಾ ಕೇಳಿದಳು: ಕಿತ್ತ ಗುಲಾಬಿ ಯಾವ ನೀರಿನಲ್ಲಿ ಜಾಸ್ತಿ ದಿನ ಇರುತ್ತೆ?

ರಮ್ಯಶ್ರೀಯೇ ತೋಟಕ್ಕೆ ಹೋಗಿ ಮುನೀಂದ್ರನ ಹತ್ತಿರ ಇಪ್ಪತ್ತು ಹೂವು ಕೇಳಿ ಬಂದಳು. ಹಾಗೆ ಬುಧವಾರ ಪ್ರಯೋಗ ಶುರುವಾಯಿತು. ನಾಲ್ಕು ಜಾರು. ಸಾದಾ ನೀರು, ಉಪ್ಪಿನ ನೀರು, ಸಕ್ಕರೆ ನೀರು, ಸಕ್ಕರೆಗೆ ನಿಂಬೆರಸ ಹಿಂಡಿದ ನೀರು. ಒಂದೊಂದರಲ್ಲೂ ಐದೈದು ಹೂವು.

"ಐದ್ಯಾಕೆ ಮೇಡಂ, ಒಂದು ಸಾಕಲ್ವಾ?" ಎಂದು ಮುನೀಂದ್ರ ಕೇಳಿದ.

"ಒಂದೇ ಹೂವು ಸುಳ್ಳು ಹೇಳ್ಬಹುದು. ಐದೂ ಮಾತಾಡ್ಕೊಂಡು ಸುಳ್ಳು ಹೇಳೋದು ಕಷ್ಟ" ಎಂದು ಅವಳು ನಕ್ಕಳು. ನಗುವಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಮುನೀಂದ್ರನಿಗೆ ಪ್ರಶ್ನೆ ಕೇಳುವ ಚಟ ಅಂಟಿಕೊಂಡದ್ದು ಆವಾಗಿನಿಂದ.

ನೀರು ಸಾಕಾ, ಬಿಸಿಲು ಬೀಳುತ್ತಾ ಎಂದು ನೆಪ ಹುಡುಕಿ ದಿನಾ ಸಂಜೆ ಹೋಗುತ್ತಿದ್ದ. ಹೋದವನು ಹೂವಿಗಿಂತ ಅವಳು ಪಾಠ ಮಾಡುವುದನ್ನೇ ಹೆಚ್ಚು ನೋಡುತ್ತಿದ್ದ. ಅಂಜನ್ "ಸರೀನಾ ಮೇಡಂ?" ಅಂದರೆ ಅವಳು "ನನ್ನ ಯಾಕೆ ಕೇಳ್ತೀಯಾ, ಜಾರನ್ನ ಕೇಳು" ಅನ್ನುವಳು. ಅಳೆದದ್ದು ತಪ್ಪಾದರೆ ಬೈಯುತ್ತಿರಲಿಲ್ಲ. ಸ್ಕೇಲನ್ನು ಸುಮ್ಮನೆ ಮತ್ತೆ ಅವನ ಕೈಗೇ ಕೊಡುವಳು. ತಾನು ಓದುವಾಗ ಇಂಥವರೊಬ್ಬರು ಸಿಕ್ಕಿದ್ದರೆ ಎಂದು ಮುನೀಂದ್ರನಿಗೆ ಅನಿಸುತ್ತಿತ್ತು. ಈಗಲಾದರೂ ಸಿಕ್ಕರಲ್ಲ ಅಂತಲೂ ಅನಿಸುತ್ತಿತ್ತು.

ಐದನೇ ದಿನ ಭಾನುವಾರ. ಶಾಲೆಗೆ ರಜ. ಹೆಡ್‌ಮಾಸ್ಟರ ಒಪ್ಪಿಗೆ ಪಡೆದು ರಮ್ಯಶ್ರೀ ಕೊಠಡಿಯ ಕೀಲಿಯನ್ನು ಅವನಿಗೇ ಕೊಟ್ಟಿದ್ದಳು. "ನೋಡಿ, ಬರೆದಿಡಿ. ಅಷ್ಟೇ" ಎಂದಿದ್ದಳು.

ನೋಡಿದರೆ ಮೋನಿಷಾ ಆಸೆ ಇಟ್ಟುಕೊಂಡಿದ್ದ ನಿಂಬೆಯ ಜಾರಿನಲ್ಲಿ ಎರಡು ಹೂವು ಕತ್ತು ಬಗ್ಗಿಸಿದ್ದವು. ಮುನೀಂದ್ರನ ಮುಖ ಸಪ್ಪಗಾಯಿತು. ಅವನ ಕಸುಬಿನಲ್ಲಿ ಒಂದು ನಿಯಮ ಉಂಟು: ಕೊಟ್ಟ ಹೂವು ಬೇಗ ಬಾಡಿದರೆ ಗಿರಾಕಿಯ ಹತ್ತಿರ ವಾದ ಮಾಡಬಾರದು, ಬದಲಿ ಹೂವು ಕೊಟ್ಟು ಕೈಮುಗಿಯಬೇಕು. ಅವನಪ್ಪನೂ ಹಾಗೇ ಬಾಳಿದ್ದ. ಮುನೀಂದ್ರ ತೋಟಕ್ಕೆ ಹೋಗಿ ಎರಡು ಒಳ್ಳೇ ಹೂವು ಕುಯ್ದು ತಂದು, ಅಳತೆಗೆ ಸರಿಯಾಗಿ ಕತ್ತರಿಸಿ ಜಾರಿನಲ್ಲಿಟ್ಟ. ಪುಸ್ತಕದಲ್ಲಿ 'ಐದೂ ನೆಟ್ಟಗಿವೆ' ಎಂದು ಬರೆದು, ಒಳ್ಳೇ ಕೆಲಸ ಮಾಡಿದ ಸಮಾಧಾನದಲ್ಲಿ ಬೀಗ ಹಾಕಿಕೊಂಡು ಬಂದ.

ಆ ಸಮಾಧಾನ ಒಂದು ದಿನವೂ ಉಳಿಯಲಿಲ್ಲ. ಸೋಮವಾರ ಸಕ್ಕರೆ ನೀರಿನ ಹೂವು ಒಂದೊಂದಾಗಿ ಬಿದ್ದವು. ಅಂಜನ್ ಮುಖ ಊದಿಸಿಕೊಂಡಾಗ ರಮ್ಯಶ್ರೀ ಅವನ ಬೆನ್ನು ತಟ್ಟಿದಳು. "ಬಾಡಿದ್ದೂ ಒಂದು ಉತ್ತರಾನೇ ಕಣೋ. ಅದನ್ನ ಬರೀದಿದ್ರೆ ನಾವು ಹೂವಿಗೆ ಮೋಸ ಮಾಡಿದ ಹಾಗೆ."

ಭಾನುವಾರ ತಾನು ಮಾಡಿದ್ದೇನೆಂದು ಬಾಗಿಲಲ್ಲಿ ನಿಂತಿದ್ದ ಮುನೀಂದ್ರನಿಗೆ ಆಗ ಅರ್ಥವಾಯಿತು. ಹೇಳಿದರೆ ಅವಳ ಕಣ್ಣಿನಲ್ಲಿ ತನಗಿದ್ದ ಬೆಲೆ ಹೋಗುತ್ತದೆ. ಹೇಳದಿದ್ದರೆ ಎರಡು ಮಕ್ಕಳು ಊರಿನ ಮುಂದೆ ಸುಳ್ಳು ಲೆಕ್ಕ ಒಪ್ಪಿಸುತ್ತಾರೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಎಂಟು ದಿನ ಕಳೆದುಬಿಟ್ಟ. ಅವಳು ನಕ್ಕು ಮಾತಾಡಿಸಿದಷ್ಟೂ ಬಾಯಿ ಕಟ್ಟುತ್ತಿತ್ತು.

ಮೇಳದ ಹಿಂದಿನ ಸಂಜೆ ಚಾರ್ಟು ಅಂಟಿಸುತ್ತಿದ್ದರು. ನಿಂಬೆಯ ಜಾರು ಸರಾಸರಿ ಹನ್ನೊಂದು ದಿನ, ಸಾದಾ ನೀರು ಎಂಟು. ಮೋನಿಷಾ ಕುಣಿಯುತ್ತಿದ್ದಳು. ರಮ್ಯಶ್ರೀ ಗಮ್ಮಿನ ಕೈಯಲ್ಲೇ ಅವನ ಕಡೆ ತಿರುಗಿದಳು.

"ನಿಮ್ಮಂಥ ನಂಬಿಕಸ್ಥರು ಸಿಕ್ಕಿದ್ದು ನಮ್ಮ ಅದೃಷ್ಟ ಮುನೀಂದ್ರ ಅವ್ರೇ."

ಇನ್ನು ಅವನಿಂದ ತಡೆಯಲಾಗಲಿಲ್ಲ. "ಮೇಡಂ, ಒಂದ್ನಿಮಿಷ ಹೊರಗೆ ಬರ್ತೀರಾ?"

ಜಗಲಿಯಲ್ಲಿ ನಿಂತು ಎಲ್ಲ ಹೇಳಿದ. ಅವಳ ಮುಖದ ನಗು ಮೆಲ್ಲಗೆ ಆರಿತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನಂಗೆ ಹೇಳಿದ್ರೆ ಏನು ಬಂತು? ಪ್ರಾಜೆಕ್ಟು ನಂದಲ್ಲ, ಅವರದ್ದು" ಎಂದಷ್ಟೇ ಅಂದಳು.

ಅವನು ಒಳಗೆ ಹೋಗಿ ಮಕ್ಕಳ ಎದುರು ನೆಲದ ಮೇಲೆ ಕೂತ. ಕೂತು ಹೇಳುವ ಮಾತಲ್ಲ ಅನಿಸಿ ಎದ್ದು, ನಿಂತುಕೊಂಡೇ ಹೇಳಿದ. ಮೋನಿಷಾ ಕಣ್ಣು ತುಂಬಿಕೊಂಡು ಗೋಡೆ ಕಡೆ ತಿರುಗಿದಳು. ಅಂಜನ್ ಮಾತ್ರ ಪೆನ್ನು ತೆಗೆದ.

"ಎರಡೂ ಐದನೇ ದಿನಾನೇ ಬಿದ್ದಿದ್ದಾ ಅಂಕಲ್? ಗ್ಯಾರಂಟಿನಾ?"

"ಗ್ಯಾರಂಟಿ ಕಣಪ್ಪಾ."

"ಯಾಕೆ ಬಿದ್ವು?"

"ಅವು ಇನ್ನೂ ಎಳೇ ಮೊಗ್ಗು. ಇನ್ನೊಂದಿನ ಗಿಡದಲ್ಲೇ ಬಿಡ್ಬೇಕಿತ್ತು. ಅವಸರದಲ್ಲಿ ಸರಿಯಾಗಿ ನೋಡ್ದೆ ಕುಯ್ದ್ಬಿಟ್ಟೆ."

"ಅವಸರ ಯಾಕೆ?"

ಮುನೀಂದ್ರ ನೆಲದ ಮೇಲೆ ಬಿದ್ದಿದ್ದ ಚಾರ್ಟಿನ ಚೂರುಗಳನ್ನು ಆಯತೊಡಗಿದ. ರಮ್ಯಶ್ರೀಗೆ ಇದ್ದಕ್ಕಿದ್ದಂತೆ ಕತ್ತರಿ ಬೇಕಾಯಿತು; ಕೈಯಲ್ಲೇ ಹಿಡಿದಿದ್ದ ಕತ್ತರಿಯನ್ನು ಮೇಜಿನ ಕೆಳಗೆಲ್ಲ ಹುಡುಕತೊಡಗಿದಳು.

ಗೋಡೆ ಕಡೆ ತಿರುಗಿದ್ದ ಮೋನಿಷಾ ಮೂಗು ಒರೆಸಿಕೊಂಡು ಬಂದು ಸ್ಕೇಲು ಎತ್ತಿಕೊಂಡಳು. ನಿಂಬೆಯ ಜಾರು ಒಂಬತ್ತು ದಿನಕ್ಕೆ ಇಳಿಯಿತು. ಚಾರ್ಟಿನ ಕೊನೆಗೆ ಒಂದು ಹೊಸ ಹಾಳೆ ಅಂಟಿತು: 'ನಮ್ಮ ಪ್ರಯೋಗದಲ್ಲಿ ಆದ ತಪ್ಪು.'

ದೊಡ್ಡಬಳ್ಳಾಪುರದ ಮೇಳದಲ್ಲಿ ತೀರ್ಪುಗಾರರು ಆ ಹಾಳೆಯ ಮುಂದೆಯೇ ಬಹಳ ಹೊತ್ತು ನಿಂತರು.

"ಹೂವು ಬದಲಾಯಿಸಿದ್ದು ಯಾರು?"

"ನಾನು ಸಾರ್" ಎಂದು ಹಿಂದೆ ನಿಂತಿದ್ದ ಮುನೀಂದ್ರ ಕೈ ಎತ್ತಿದ, ಹಾಜರಿ ಹೇಳುವ ಹುಡುಗನ ಹಾಗೆ.

"ರೈತರು ಅವಸರ ಮಾಡಿದರು ಅಂತ ಬರೆದಿದ್ದೀರಿ. ಅದ್ಯಾಕೆ?"

"ಅದನ್ನ ನಾವಿನ್ನೂ ಪರೀಕ್ಷೆ ಮಾಡಿಲ್ಲ ಸಾರ್" ಎಂದಳು ಮೋನಿಷಾ, ತುಂಬ ಗಂಭೀರವಾಗಿ.

ಮೊದಲ ಬಹುಮಾನ ಲೈಟು ಮಿನುಗಿಸುವ ರಾಕೆಟ್ಟಿನ ಪಾಲಾಯಿತು. ಇವರಿಗೆ ಎರಡನೆಯದು. ತೀರ್ಪುಗಾರರು ತಪ್ಪಿನ ಹಾಳೆಯ ಫೋಟೋ ತೆಗೆದುಕೊಂಡರೆಂದು ಮಕ್ಕಳಿಗೆ ಬಹುಮಾನಕ್ಕಿಂತ ಹೆಚ್ಚಿನ ಜಂಬ. ಹೆಡ್‌ಮಾಸ್ಟರು ಅವರನ್ನು ಕರೆದುಕೊಂಡು ಊರಿಗೆ ಹೊರಟರು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರಮ್ಯಶ್ರೀ ಒಂದು ತುದಿಗೆ ಕೂತಿದ್ದಳು. ಮುನೀಂದ್ರ ಇನ್ನೊಂದು ತುದಿಗೆ.

"ನಾಳೆಯಿಂದ ಸ್ಕೂಲ್ ಕಡೆ ಬರೋಕೆ ನಂಗೆ ಕೆಲಸ ಇಲ್ಲ ಮೇಡಂ."

"ಹೌದು, ಇಲ್ಲ."

ಒಂದು ಬಸ್ಸು ಬಂದು ಹೋಯಿತು. ಅದು ಅವಳದ್ದಲ್ಲ.

"ಹೂವಿನ ವಿಷ್ಯ ಹೇಳೋಕೆ ಎಂಟು ದಿನ ತಗೊಂಡ್ರಿ. ಅವಸರ ಯಾಕೆ ಅಂತ ಹೇಳೋಕೆ ಇನ್ನೆಷ್ಟು ದಿನ ಬೇಕು?" ಅವಳು ಅವನ ಕಡೆ ನೋಡಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಒಂದಿನಾನೂ ಬೇಡ" ಎಂದ ಮುನೀಂದ್ರ. "ಪ್ರೇಯರ್‌ಗೆ ಮುಂಚೆ ಬಂದ್ರೆ ಆವತ್ತು ನಿಮ್ಮನ್ನ ಐದು ನಿಮಿಷ ಜಾಸ್ತಿ ನೋಡ್ಬಹುದಿತ್ತು. ಅದಕ್ಕೇ ಅವಸರ. ನೀವಂದ್ರೆ ನಂಗೆ ತುಂಬಾ ಇಷ್ಟ ರಮ್ಯಾ."

ನೆಲಮಂಗಲದ ಬಸ್ಸು ಬಂತು. ಕಂಡಕ್ಟರು ಎರಡು ಸಲ ಕೂಗಿದ. ಅವಳು ಏಳಲಿಲ್ಲ.

"ನಿನ್ನೆ ಮಕ್ಕಳ ಮುಂದೆ ಎದ್ದು ನಿಂತ್ರಲ್ಲ, ಆಗ್ಲೇ ನಾನು ಒಪ್ಕೊಂಡ್ಬಿಟ್ಟೆ. ನೀವು ಬಾಯಿಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ."

ಅವನು ನಗಬೇಕೋ ಅಳಬೇಕೋ ತಿಳಿಯದೆ, ಬಾಯಿಗೆ ಬಂದ ಮಾತು ಹೇಳಿದ. "ನಿಮ್ಮ ಬಸ್ಸು ಹೋಗ್ತಿದೆ."

"ಹೋಗ್ಲಿ ಬಿಡಿ" ಎಂದು ರಮ್ಯಶ್ರೀ ಬೆಂಚಿನ ನಡುವೆ ಇಟ್ಟಿದ್ದ ಬ್ಯಾಗನ್ನು ಎತ್ತಿ ಆಚೆ ಬದಿಗಿಟ್ಟಳು. "ಮುಂದಿನದು ಬರೋಷ್ಟರಲ್ಲಿ ನಮ್ಮಮ್ಮಂಗೆ ಏನು ಹೇಳೋದು ಅಂತ ಇಬ್ರೂ ಸೇರಿ ಯೋಚನೆ ಮಾಡೋಣ."