ಎಕೋ ಪೆಟ್ಟಿಗೆಯ ಎರಡನೇ ದನಿ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಕೊಳ್ಳೇಗಾಲ ಪಟ್ಟಣ ಠಾಣೆಗೆ ಬಂದ ದೂರು ಕೇಳಿ ಸಬ್ ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಸ್ವಾಮಿ ಅವರಿಗೆ ಮೊದಲು ನಗುವೇ ಬಂತು. ಇಡೀ ಹೆಸರು ಬರೆದರೆ ಎಫ್‌ಐಆರ್‌ನ ಒಂದು ಸಾಲು ಅದಕ್ಕೇ ಮುಗಿದುಹೋಗುತ್ತದೆಂದು ಠಾಣೆಯವರೆಲ್ಲ ಅವರನ್ನು ಸ್ವಾಮಿ ಸಾಹೇಬರು ಎನ್ನುತ್ತಿದ್ದರು. ಎದುರಿಗೆ ಕೂತಿದ್ದವನು ನಿರಂಜನ್, ನೇಕಾರರ ಬೀದಿಯ ಹಳೇ ಮನೆಯೊಂದರಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ಇಟ್ಟುಕೊಂಡ ಯುವಕ.

"ಕಂಪ್ಯೂಟರ್ ಹೋಗಿದೆಯಾ?"

"ಇಲ್ಲ ಸರ್."

"ಮೈಕು?"

"ಎಲ್ಲಾ ಇದೆ ಸರ್. ಹಳೇ ಸಿಂಥಸೈಜರ್ ಕೀಬೋರ್ಡ್ ಇದೆಯಲ್ಲ, ನನ್ನ ಹತ್ತಿರ ಬೆಲೆಬಾಳೋದು ಅದೊಂದೇ, ಅದನ್ನೂ ಮುಟ್ಟಿಲ್ಲ. ಹೋಗಿರೋದು ಎಕೋ ಪೆಟ್ಟಿಗೆ ಮಾತ್ರ. ಗುಜರಿ ಅಂಗಡಿಯಿಂದ ತಂದಿದ್ದೆ."

"ಗುಜರಿಯದ್ದನ್ನು ಯಾರಪ್ಪ ಕದಿತಾರೆ? ಏನದು ಎಕೋ ಪೆಟ್ಟಿಗೆ?"

ಪೆಟ್ಟಿಗೆಯೊಳಗೆ ಟೇಪಿನ ಒಂದು ಕುಣಿಕೆ ಸುತ್ತುತ್ತಿರುತ್ತದೆ, ಹಾಡಿದ್ದು ಅದರ ಮೇಲೆ ಕೂತು ತುಸು ತಡೆದು ಮತ್ತೆ ಕೇಳಿಸುತ್ತದೆ, ಆಮೇಲೆ ಪೆಟ್ಟಿಗೆ ತಾನೇ ಅದನ್ನು ಅಳಿಸಿಬಿಡುತ್ತದೆ ಎಂದು ನಿರಂಜನ್ ಕೈಯಾಡಿಸಿ ವಿವರಿಸಿದ. "ಇದರಲ್ಲಿ ಅಳಿಸೋ ವೈರನ್ನ ಯಾರೋ ಬೇಕಂತಲೇ ಬಿಚ್ಚಿದ್ರು ಸರ್. ದನಿ ಮೇಲೆ ದನಿ ಕೂರಲಿ ಅಂತ. ಅದಕ್ಕೇ ಕಡೇ ಸಲ ಆಡಿದ್ದು ಹಂಗೇ ಉಳಿದಿತ್ತು."

ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೆಬಲ್ ಮೂರ್ತಿಯ ಜೇಬು ಹಾಡತೊಡಗಿತು. ಹುಡುಗಿಯೊಬ್ಬಳ ದನಿ "ಅಣ್ಣಾ, ಅಣ್ಣಾ" ಎಂದು ಅಲೆಯಲೆಯಾಗಿ ಕರೆಯಿತು, ಹಿಂದೆಯೇ ಡೋಲು ಬಡಿಯಿತು. ಮೂರ್ತಿ ಗಾಬರಿಯಿಂದ ಫೋನಿನ ಬಾಯಿ ಮುಚ್ಚಿಸಿದ.

"ಆ ದನಿ ಆ ಪೆಟ್ಟಿಗೆಯದೇ ಸರ್," ಎಂದ ನಿರಂಜನ್. "ಅದಕ್ಕೆ ಸಿಂಥಸೈಜರ್ ಸೇರಿಸಿ ಹಾಡು ಮಾಡಿದೆ."

ಸ್ವಾಮಿ ಸಾಹೇಬರ ನಗು ನಿಂತಿತು. ಎರಡು ತಿಂಗಳಿಂದ ಆ ಹಾಡು ಕೇಳದ ಕಿವಿ ತಾಲೂಕಿನಲ್ಲಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಟೆಂಪೊಗಳಲ್ಲಿ ಅದೇ, ಹುಡುಗರ ರೀಲ್ಸಿನಲ್ಲಿ ಅದೇ. ಅವರ ಮಗಳೂ ಅದಕ್ಕೆ ಕುಣಿದಿದ್ದಳು, ವಿಡಿಯೊ ಹಿಡಿದವರು ಅವರೇ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಗುರುವಾರ ಸಂಜೆ ನಿರಂಜನ್ ಮದುವೆಯೊಂದಕ್ಕೆ ಹೋಗಿದ್ದಾಗ ಹಿಂಬಾಗಿಲ ಚಿಲಕ ಎಬ್ಬಿಸಿ ಒಳಬಂದಿದ್ದಾರೆ. ಬಂದವನು ಮಾತ್ರ ವಿಚಿತ್ರದ ಕಳ್ಳ. ವೈರುಗಳನ್ನು ಕಿತ್ತು ಬಿಸಾಡದೆ ಒಂದೊಂದಾಗಿ ಬಿಚ್ಚಿ, ಸುತ್ತಿ, ಮೊಳೆಗೆ ತೂಗುಹಾಕಿದ್ದ. ಸಿಂಥಸೈಜರಿಗೆ ದೂಳು ಕೂರದಂತೆ ಬಟ್ಟೆ ಹೊದೆಸಿದ್ದ. ಮೇನ್ ಸ್ವಿಚ್ ಆಫ್ ಮಾಡಿದ್ದು ಸಾಲದೆಂದು ಫ್ಯೂಸುಗಳನ್ನೂ ಕಿತ್ತು ಕಿಟಕಿಯ ಮೇಲಿಟ್ಟಿದ್ದ.

"ಲೈನ್‌ಮನ್ ಇರ್ಬೇಕು ಸಾ," ಎಂದ ಮೂರ್ತಿ.

"ಲೈನ್‌ಮನ್ ಇಷ್ಟು ಹೆದರಲ್ಲ ಮೂರ್ತಿ. ಇವನಿಗೆ ಕರೆಂಟ್ ಕಂಡರೆ ಪ್ರಾಣ ಹೋಗುತ್ತೆ."

ಪೆಟ್ಟಿಗೆಯ ವಿಚಾರಕ್ಕೆ ಯಾರಾದರೂ ಬಂದಿದ್ದರೇ ಎಂದು ಕೇಳಿದರು. ಮಂಗಳವಾರ ಒಬ್ಬ ಅಜ್ಜಿ ಬಂದಿದ್ದರಂತೆ, ಹಿಂದಿನ ಬೀದಿಯ ವಸಂತಮ್ಮ. ಹಾಡಿನಲ್ಲಿರುವುದು ಸತ್ತುಹೋದ ತನ್ನ ಮಗಳ ದನಿ ಎಂದು ಅತ್ತರಂತೆ. "ಟೇಪಲ್ಲಿ ಇನ್ನೂ ಮಾತಿದೆ ಅಜ್ಜಿ, ಭಾನುವಾರ ಬನ್ನಿ, ಪೂರ್ತಿ ಕೇಳಿಸ್ತೀನಿ ಅಂದಿದ್ದೆ ಸರ್. ಯಾರ ದನಿ, ಏನು ಅಂತ ವಿಚಾರಿಸದೆ ಕುಣಿಯೋ ಹಾಡು ಮಾಡಿಬಿಟ್ಟಿದ್ದೆ. ಆವತ್ತಿಂದ ನನಗೆ ಊಟ ಸೇರ್ತಿಲ್ಲ."

ವಸಂತಮ್ಮನ ಮನೆಯ ಮುಂದಿನ ಕೋಣೆಯ ತುಂಬ ಗುಂಡಿಮಗ್ಗ. ಗುಂಡಿಯಲ್ಲಿ ಕಾಲಿಳಿಸಿ ರೇಷ್ಮೆ ಸೀರೆ ನೇಯುತ್ತಿದ್ದವನು ಆಕೆಯ ಮಗ ಚೌಡೇಶ, ಐವತ್ತು ದಾಟಿದ ಸಣಕಲು ಆಳು. ಪೊಲೀಸರನ್ನು ಕಂಡೂ ಏಳಲಿಲ್ಲ. "ಎಳೆ ಬುಟ್ಟು ಏಳಕ್ಕಾಗಲ್ಲ ಸಾ," ಎಂದ.

ಮಾತಾಡಿದ್ದೆಲ್ಲ ತಾಯಿಯೇ.

"ನನ್ ಮಗ್ಳು ವಾಣಿಶ್ರೀ ಕಣಪ್ಪ. ಅಣ್ಣ ತಂಗಿ ಸೇರ್ಕಂಡು ಆರ್ಕೆಸ್ಟ್ರಾ ಕಟ್ಟಿದ್ರು. ಇವ್ನು ಪೆಟ್ಟಿಗೆ ತಿರುಗ್ಸಾದು, ಅವ್ಳು ಆಡಾದು. ಇಪ್ಪತ್ತು ವರ್ಸದ ಮಾತು. ಅನೂರ್ನಲ್ಲಿ ಪ್ರೋಗ್ರಾಮು. ಮೈಕ್ ಇಡ್ಕಂಡೋಳು ಮತ್ತೆ ಬುಡ್ಲೇ ಇಲ್ಲ."

"ಕರೆಂಟಾ?"

"ಊಂ. ಯಳಂದೂರ್ ಚಿಕ್ಕಮಾದಪ್ಪ ಅಂತ, ಸ್ಟೇಜ್‌ಗೆ ಲೈಟ್ ಕಟ್ಟಿದ್ದೋನು. ನೆಲುಕ್ಕೆ ಅರ್ತ್ ವೈರ್ ಕೊಡ್ನಿಲ್ವಂತೆ ಪಾಪಿ. ಅವ್ನ ಬಾಗ್ಲಿಗೋಗಿ ಮಣ್ಣು ತೂರ್ಬುಟ್ಟು ಬಂದೆ. ನಿನ್ ಮನೇಲೂ ಯಾರೂ ನಗ್ಬಾರ್ದು ಅಂತ." ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ಈಗ ನೋಡು, ಅವ್ಳ ದನಿ ಸಿಕ್ತು ಅನ್ನದ್ರೊಳ್ಗೆ ಯಾವನೋ ಕದ್ಬುಟ್ಟವ್ನೆ. ನಿನ್ ದಮ್ಮಯ್ಯ, ಉಡುಕ್ಕೊಡಪ್ಪ. ಸಾಯದ್ರೊಳ್ಗೆ ಒಂದ್ಸಲ ಕೇಳ್ಬೇಕು."

ಸ್ವಾಮಿ ಸಾಹೇಬರು ಮಗನ ಕಡೆ ತಿರುಗಿದರು. "ಗುರುವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ ಸಾ. ನೇಯ್ತಾ ಇದ್ದೆ."

"ಎಷ್ಟು ಹೊತ್ತಿನ ತನಕ?"

"ಏಳೂವರೆ ಎಂಟಾಗಿತ್ತು."

ಸಾಹೇಬರು ತಲೆಯೆತ್ತಿ ನೋಡಿದರು. ಮಾಡಿನಲ್ಲಿ ಬಲ್ಬಿಲ್ಲ, ಗೋಡೆಯಲ್ಲಿ ಸ್ವಿಚ್ಚಿಲ್ಲ, ಎಲ್ಲೂ ಲಾಟೀನೂ ಇಲ್ಲ. ಬೀದಿಯ ಉಳಿದ ಮನೆಗಳಲ್ಲಿ ಕರೆಂಟಿನ ಮಗ್ಗಗಳ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ, ಈ ಕೋಣೆಗೆ ಮಾತ್ರ ಒಂದು ತಂತಿಯೂ ಬಂದಿರಲಿಲ್ಲ. ಕತ್ತಲೆಯಲ್ಲಿ ರೇಷ್ಮೆ ನೇಯುವವರು ಯಾರೂ ಇಲ್ಲ. ಅವನು ಸುಳ್ಳು ಹೇಳಿದ್ದು ಖಾತ್ರಿಯಾಯಿತು, ಏಕೆಂಬುದು ಮಾತ್ರ ಬಗೆಹರಿಯಲಿಲ್ಲ. ತಾಯಿ ಹಾತೊರೆಯುತ್ತಿರುವ ದನಿಯನ್ನು ಮಗನೇ ಯಾಕೆ ಕದಿಯಬೇಕು? ಮುದುಕಿಯ ಮುಂದೆ ಮಗನನ್ನು ಜಗ್ಗಾಡಲು ಮನಸ್ಸಾಗದೆ ಎದ್ದು ಬಂದರು.

ಶನಿವಾರ ಬೆಳಿಗ್ಗೆ ಹನೂರು ಠಾಣೆಗೆ ಹೋಗಿ ಹಳೇ ಪ್ರಕರಣ ತೆಗೆಸಿದರು. ಚೌಡೇಶನ ಹೇಳಿಕೆ ಚುಟುಕಾಗಿತ್ತು. ಮೈಕಿನ ಬಗ್ಗೆ ತಂಗಿ ಏನೂ ಹೇಳಿರಲಿಲ್ಲ, ಏಕಾಏಕಿ ಹೀಗಾಯಿತು, ಸ್ಟೇಜಿನ ಅರ್ತ್ ಸರಿಯಿರಲಿಲ್ಲ. ಚಿಕ್ಕಮಾದಪ್ಪನ ಮೇಲೆ ಕೇಸಾಗಿ, ಸಾಕ್ಷಿ ಸಾಲದೆ ಬಿಡುಗಡೆಯಾಗಿತ್ತು.

ನ್ಯಾಯಾಲಯ ಬಿಟ್ಟರೂ ಜನ ಬಿಟ್ಟಿರಲಿಲ್ಲ. ಸಾಹೇಬರು ಯಳಂದೂರಿಗೆ ಹೋದಾಗ ಅವನು ಬಸ್ ನಿಲ್ದಾಣದ ಹತ್ತಿರ ಎಳನೀರು ಮಾರುತ್ತಿದ್ದ. ಸಮವಸ್ತ್ರ ಕಂಡದ್ದೇ ಮಚ್ಚು ಕೆಳಗಿಟ್ಟು ಎದ್ದು ನಿಂತ. ಗುರುವಾರವಿಡೀ ಅಲ್ಲೇ ವ್ಯಾಪಾರ ಮಾಡಿದ್ದಕ್ಕೆ ಅಕ್ಕಪಕ್ಕದವರು ಸಾಕ್ಷಿ ಹೇಳಿದರು.

"ಆವತ್ತು ಅರ್ತ್ ಕೊಟ್ಟಿದ್ರಾ ಚಿಕ್ಕಮಾದಪ್ಪ?"

"ಕೊಟ್ಟಿದ್ದೆ ಅಂತ ನೆಪ್ಪು ಸಾ. ಗುಂಡಿ ತೆಗ್ದು, ಉಪ್ಪು ನೀರು ಉಯ್ದಿದ್ದೆ. ಆದ್ರೆ ಇಷ್ಟು ವರ್ಸ ಎಲ್ರೂ ಇಲ್ಲ ಇಲ್ಲ ಅಂದ್ರೆ ನಂಗೂ ಅನ್ಮಾನ ಬಂದ್ಬುಡ್ತದೆ. ಎಲ್ಲೋ ನಾನೇ ಮರ್ತಿದ್ನೇನೋ. ಆ ಮಗಿನ್ ಮಖ ಕನಸಲ್ಲಿ ಬತ್ತದೆ. ಆಮೇಲೆ ವೈರ್ ಮುಟ್ಟೇ ಇಲ್ಲ ಸಾ."

"ಅವತ್ತು ಬೇರೆ ಏನಾದ್ರೂ ನೆನಪಿದೆಯಾ?"

"ಮಧ್ಯಾನ್ದಲ್ಲಿ ಆ ಪೆಟ್ಗೆ ಗುಂಯ್ ಅಂತ ಬಡ್ಕತಿತ್ತು. ಚೌಡೇಶಣ್ಣ ನನ್ನೇ ಬೈದ್ರು. ಆಮೇಲೆ ಅವ್ರೇ ಏನೋ ಮಾಡಿದ್ರು, ನಿಂತೋಯ್ತು."

ಆ ಗುಂಯ್ ಸದ್ದು ದಾರಿಯುದ್ದಕ್ಕೂ ಸಾಹೇಬರ ತಲೆಯಲ್ಲಿ ಕೊರೆಯಿತು. ಜೀಪನ್ನು ನೇರ ಸ್ಟುಡಿಯೊಗೆ ತಿರುಗಿಸಿದರು.

"ಪೆಟ್ಟಿಗೆ ಗುಂಯ್‌ಗುಟ್ಟಿದ್ರೆ ಹೆಂಗೆ ನಿಲ್ಲಿಸ್ತಾರೆ ನಿರಂಜನ್?"

"ಪ್ಲಗ್ಗಿನ ಅರ್ತ್ ವೈರ್ ಕತ್ತರಿಸಿದ್ರೆ ನಿಂತುಬಿಡುತ್ತೆ ಸರ್. ಹಳೇ ಆರ್ಕೆಸ್ಟ್ರಾದವರು ಎಷ್ಟೋ ಜನ ಹಂಗೇ ಮಾಡ್ತಿದ್ರು. ಅಪಾಯ. ಒಳಗೆ ಕರೆಂಟ್ ಸೋರಿದ್ರೆ ನೆಲಕ್ಕಿಳಿಯದೆ ಸೀದಾ ಮೈಕಿಗೇ ಬರುತ್ತೆ." ಅಷ್ಟು ಹೇಳಿ ಅವನೇ ತಡೆದ. "ಈ ಪೆಟ್ಟಿಗೆ ತಂದಾಗ ಅದರ ಅರ್ತ್ ಕತ್ತರಿಸಿತ್ತು ಸರ್. ನಾನೇ ಹೊಸದು ಹಾಕಿಸಿದ್ದು."

"ಆ ಟೇಪಲ್ಲಿದ್ದದ್ದು ಇನ್ನೆಲ್ಲಾದರೂ ಇದೆಯಾ?"

"ಕಂಪ್ಯೂಟರ್‌ಗೆ ಏರಿಸಿಟ್ಟಿದೀನಿ. ಕೆಳಗಡೆ ಏನೋ ಗೊಗ್ಗರು ಸದ್ದಿತ್ತು, ಅದನ್ನ ಫಿಲ್ಟರ್ ಹಾಕಿ ತೆಗೆದು ಹುಡುಗಿ ಅಣ್ಣಾ ಅನ್ನೋದಷ್ಟೇ ಹಾಡಿಗೆ ಇಟ್ಟುಕೊಂಡೆ. ಉಳಿದ ಮಾತಿಗೆ ಸರಿಯಾಗಿ ಕಿವಿಗೊಡಲಿಲ್ಲ."

"ಫಿಲ್ಟರ್ ತೆಗೀರಿ."

ನಿರಂಜನ್ ಒಂದು ಗುಂಡಿ ಒತ್ತಿದ. ಟೇಪಿನ ನಕಲು ಓಡತೊಡಗಿತು. "ಅಣ್ಣಾ, ಮೈಕು ಶಾಕ್ ಒಡೀತದೆ." ಅದರ ಅಡಿಯಲ್ಲಿ, ಅದರ ಮೇಲೇ ಕೂತಂತೆ, ಗಂಡಸಿನ ದನಿ. "ಏನೂ ಆಗಲ್ಲ, ಆಡು." ಮತ್ತೆ ಹುಡುಗಿಯದು, ಸಣ್ಣಗೆ, "ಊಂ." ಅಲ್ಲಿಗೆ ಮುಗಿದು ಮತ್ತೆ ಮೊದಲಿನಿಂದ.

ಹಾಗೇ ಮೂರು ಸುತ್ತಾಯಿತು. ಮೂರ್ತಿ ಮೆಲ್ಲಗೆ ಫೋನ್ ತೆಗೆದು ರಿಂಗ್‌ಟೋನ್ ಅಳಿಸಿದ. ಸ್ವಾಮಿ ಸಾಹೇಬರಿಗೆ ಮಗಳು ಕುಣಿದ ವಿಡಿಯೊ ನೆನಪಾಯಿತು.

ಸಂಜೆ ನಾಲ್ಕಕ್ಕೆ ಪಂಚರೊಂದಿಗೆ ಹೋದಾಗ ಚೌಡೇಶ ಮಗ್ಗದಲ್ಲೇ ಇದ್ದ. "ಒಂದು ಗಳಿಗೆ ಕಾಲು ಎತ್ತಿ ಚೌಡೇಶಪ್ಪ," ಎಂದರು ಸಾಹೇಬರು. ಅವನು ವಾದಿಸಲಿಲ್ಲ. ಗುಂಡಿಯ ತಳದಲ್ಲಿ, ಪಂಚೆಯಲ್ಲಿ ಸುತ್ತಿದ ಎಕೋ ಪೆಟ್ಟಿಗೆ ಇತ್ತು. ಎರಡು ದಿನ ಅದರ ಮೇಲೇ ಕಾಲಾಡಿಸುತ್ತ ನೇಯ್ದಿದ್ದ. ಪಕ್ಕದಲ್ಲಿ ಒಂದು ಹೊಸ ಬ್ಲೇಡು.

ನಡುಮನೆಯ ಬಾಗಿಲಲ್ಲಿ ನಿಂತ ವಸಂತಮ್ಮನಿಗೆ ಇದರ ತಲೆಬುಡ ತಿಳಿಯಲಿಲ್ಲ. "ಯಾಕ್ಲಾ ಚೌಡೇಶ? ತಂಗಿ ದನಿ ನಿಂಗೇ ಬ್ಯಾಡ್ವಾಯ್ತಾ?"

ಅವನು ತಾಯಿಯತ್ತ ನೋಡದೆ ಜೀಪು ಹತ್ತಿದ. ಬಾಯಿ ಬಿಟ್ಟದ್ದು ಠಾಣೆಯಲ್ಲಿ.

"ಅವ್ಳ ದನಿ ಅಲೆಅಲೆಯಾಗಿ ಏರ್ಬೇಕು, ಯಾವ್ ಆರ್ಕೆಸ್ಟ್ರಾದಲ್ಲೂ ಅಂಗೆ ಕೇಳಿರ್ಬಾರ್ದು ಅಂತ ಅಳ್ಸೋ ವೈರ್ ಬಿಚ್ಚಿದ್ದೆ ಸಾ. ಪೆಟ್ಗೆ ಗುಂಯ್ ಅಂತು. ಮಾನ ಓಯ್ತದೆ ಅಂತ ಅರ್ತ್ ಕತ್ರುಸ್ದೆ. ಅವ್ಳು ಏಳಿದ್ಳು, ಶಾಕ್ ಒಡೀತದೆ ಅಂತ. ಜನ ಸಿಳ್ಳೆ ಒಡೀತಿದ್ರು. ಆಡು ಅಂದೆ."

"ಆಮೇಲೆ ಸುಳ್ಳು ಹೇಳಿದ್ರಿ."

"ಅವ್ವನ್ ಮಖ ನೋಡಿ ನಾಲ್ಗೆ ಬರ್ನಿಲ್ಲ. ಚಿಕ್ಕಮಾದಪ್ಪನ ಎಸ್ರು ಎದುರ್ಗಿತ್ತು. ಸಾಮಾನೆಲ್ಲ ಗುಜ್ರಿಗಾಕ್ದೆ, ಕರ್ಗಿಸ್ಬುಟ್ಟಿರ್ತಾರೆ ಅನ್ಕಂಡಿದ್ದೆ. ಭಾನ್ವಾರ ಅವ್ವ ಕೇಳಕ್ಕೋಯ್ತಾಳೆ ಅಂದಾಗ ಕೈಕಾಲು ಆಡ್ನಿಲ್ಲ."

"ಟೇಪ್ ಸುಟ್ಟುಬಿಡಬಹುದಿತ್ತಲ್ಲ?"

"ನಂದಷ್ಟ ಕತ್ರುಸ್ಬುಡಾನ ಅಂತ ಬ್ಲೇಡ್ ತಂದಿದ್ದೆ ಸಾ. ಅವ್ಳು ಕೂಗಿರೋ ಜಾಗ್ದಲ್ಲೇ ನಂದೂ ಕುಂತದೆ. ನನ್ ದನಿ ಕತ್ರುಸಿದ್ರೆ ಅವ್ಳ ದನೀನೂ ಓಯ್ತದೆ. ಇನ್ನೊಂದ್ ದಪ ಅವ್ಳ್ನ ಸಾಯ್ಸಕ್ಕಾಗ್ನಿಲ್ಲ."

ಕಂಪ್ಯೂಟರಿನಲ್ಲಿ ನಕಲಿದೆ ಎಂದು ಸಾಹೇಬರು ಹೇಳಿದಾಗ ಅವನು ಬೆರಗಾಗಿ ನೋಡಿದ. ಆಮೇಲೆ, ಆಶ್ಚರ್ಯವೆಂದರೆ, ಅವನ ಭುಜ ಹಗುರಾದಂತೆ ಕಂಡಿತು. ಕಳವು ಮತ್ತು ಮನೆ ನುಗ್ಗಿದ ಆರೋಪದ ಮೇಲೆ ಬಂಧನ ದಾಖಲಾಯಿತು. ಹಳೇ ಸಾವಿನ ಬಗ್ಗೆ ಮೇಲಧಿಕಾರಿಗಳಿಗೆ ಬೇರೆ ವರದಿ ಬರೆದರು. ಪೆಟ್ಟಿಗೆ ಕದಿಯಲು ಅವನನ್ನು ತಳ್ಳಿದ್ದು ಜೈಲಿನ ಭಯವಲ್ಲ, ತಾಯಿಯ ಕಿವಿಯ ಭಯ ಎಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರೋಪಿಯನ್ನು ನ್ಯಾಯಾಧೀಶರ ಮನೆಗೆ ಕರೆದೊಯ್ಯುವ ಮುಂಚೆ ವಸಂತಮ್ಮ ಠಾಣೆಗೆ ಬಂದಳು. ನಿರಿಗೆ ಹಿಡಿದು ಒಳ್ಳೇ ಸೀರೆ ಉಟ್ಟಿದ್ದಳು. ಜೊತೆಗೆ ನಿರಂಜನ್ ಇದ್ದ, ಕೈಯಲ್ಲಿ ಲ್ಯಾಪ್‌ಟಾಪ್.

"ಇವತ್ತು ಭಾನ್ವಾರ ಕಣಪ್ಪ. ಕೇಳ್ಸು."

ಸ್ವಾಮಿ ಸಾಹೇಬರು ಮೇಜಿನ ಮೇಲಿನ ಪೆನ್ನು ಆಚೀಚೆ ಇಟ್ಟರು. ಒಳಗಿನ ಬೆಂಚಿನಿಂದ ಚೌಡೇಶ ಎದ್ದ.

"ಅವ್ವ, ಮೊದ್ಲು ನಾನ್ ಏಳ್ತೀನಿ."

ನಿಂತೇ ಹೇಳಿದ. ಅರ್ತ್ ಕತ್ತರಿಸಿದ್ದು, ಅವಳು ಹೇಳಿದ್ದು, ತಾನು ಹೇಳಿದ್ದು, ಇನ್ನೊಬ್ಬನ ಮೇಲೆ ಹಾಕಿದ್ದು. ಒಂದನ್ನೂ ಬಿಡಲಿಲ್ಲ. ವಸಂತಮ್ಮ ನೆಲ ನೋಡುತ್ತ ಕೇಳಿದಳು.

"ಈಗ ಆಕು," ಎಂದಳು ನಿರಂಜನನಿಗೆ.

"ಅಜ್ಜಿ, ಕೆಳಗಿನ ದನಿ ತೆಗೆದು ಬರೀ ಅವರದ್ದು ಹಾಕಲಾ?"

"ಬ್ಯಾಡ. ಇಬ್ರೂ ಮಾತಾಡ್ತಿರೋದು ಇದೊಂದೇ ಉಳ್ದಿರಾದು."

ಮಗಳ "ಊಂ" ಬಂದಾಗಲೆಲ್ಲ ಮುದುಕಿ ಗೊತ್ತಿಲ್ಲದೆ ತಲೆಯಾಡಿಸುತ್ತಿದ್ದಳು. ಆಮೇಲೆ ಸಾಕೆಂದು ಕೈ ಮಾಡಿ ಎದ್ದಳು. ಮಗನ ಹತ್ತಿರ ಹೋಗಲಿಲ್ಲ. ಅವನ ಕಡೆ ನೋಡಲೂ ಇಲ್ಲ. ತಾನು ಹಾಕಿದ ಶಾಪವೆಲ್ಲ ಯಾವ ತಪ್ಪಿಲ್ಲದವನ ಮನೆಗೆ ಹೋಗಿ ಬಿತ್ತೆಂದು ಆಕೆಗೆ ಈಗ ಹೊಳೆದಿತ್ತೆಂದು ಸಾಹೇಬರಿಗೆ ಅನ್ನಿಸಿತು.

"ಯಳಂದೂರ್ ಬಸ್ಸು ಎಷ್ಟೊತ್ತಿಗದೆ ಕಣಪ್ಪ?"

"ಮೂರ್ತಿ ಜೀಪಲ್ಲಿ ಬಿಟ್ಟು ಬರ್ತಾನೆ ಅಮ್ಮ, ಕೂತ್ಕೊಳ್ಳಿ."

"ಬ್ಯಾಡಪ್ಪ. ಮಣ್ಣು ತೂರಕ್ಕೆ ಓದಾಗ ಬಸ್ಸಲ್ಲೇ ಓಗಿದ್ದೆ."

ಆಕೆ ಮೆಟ್ಟಿಲಿಳಿದಳು. ಮೂರ್ತಿ ಟೋಪಿ ಕಂಕುಳಲ್ಲಿಟ್ಟುಕೊಂಡು ಹಿಂದೆ ನಡೆದ, ಬಸ್ ನಿಲ್ದಾಣದಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಕೂರಿಸಿ ಬಂದ.