ಕವುಚಿದ ಚೊಂಬು

“ಈ ಚೊಂಬನ್ನ ಯಾರಪ್ಪಾ ಕವುಚಿಟ್ಟಿದ್ದು?” ಹೆಂಡತಿ ಕಮಲಾಕ್ಷಿ ಖಾಲಿ ದೇವರಮನೆಯನ್ನು ಕೇಳಿದಳು.

2007ರಲ್ಲಿ, ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಮನೆಯಲ್ಲಿ ನಡೆದದ್ದು. ಕುಡಿಯಲು ಕುದಿಸಿದ ನೀರೇ; ಆದರೆ ಅದು ತೀರ್ಥಕ್ಕೆ ಸಲ್ಲದೆಂದು ನಾನು ಮಡಿಯಲ್ಲಿ ನಲ್ಲಿಯ ನೀರನ್ನೇ ತುಂಬಿಡುತ್ತಿದ್ದೆ. ಹೂ ಬಿಡಿಸಿ ತರುವಷ್ಟರಲ್ಲಿ ಚೊಂಬು ಕವುಚಿರುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ತಾಮ್ರ ಮಾತ್ರ ಒಲೆಯಿಂದ ಇಳಿಸಿದಷ್ಟು ಬಿಸಿ. ಹೀಗೆ ಮೂರು ದಿನ ಮಗಳು ಧನಶ್ರೀಗೆ ತೀರ್ಥವೇ ಸಿಗಲಿಲ್ಲ.

ನಾಲ್ಕನೆಯ ದಿನ ಆರೋಗ್ಯ ಇಲಾಖೆಯವರು ಬಂದರು. ನಲ್ಲಿಯ ಪೈಪಿಗೆ ಚರಂಡಿ ನೀರು ಸೇರಿತ್ತಂತೆ. ಬೀದಿಯ ಮಕ್ಕಳಿಗೆಲ್ಲ ವಾಂತಿಭೇದಿ, ಧನಶ್ರೀ ಮಾತ್ರ ಆರಾಮಾಗಿ ಆಡಿಕೊಂಡಿದ್ದಳು.

ಅಂದಿನಿಂದ ತೀರ್ಥಕ್ಕೂ ಕುದಿಸಿ ಆರಿಸಿದ ನೀರೇ. ಚೊಂಬು ಕದಲಲಿಲ್ಲ.

“ಯಾರು ಅಂತ ತಿಳೀಲಿ, ಒಂದೇ ದಿನ ನಲ್ಲಿ ನೀರು ಇಡ್ಲಾ?” ಎಂದೆ.

“ಮಗೂನ ಉಳಿಸಿದವರನ್ನ ಪರೀಕ್ಷೆ ಮಾಡೋಕೆ ನಾನು ಬಿಡಲ್ಲ ರೀ.”